ಒಳಮೋಡೆಮ್‌ಗೆ ಲಿನಕ್ಸ್‌ನಲ್ಲಿ ಡ್ರೈವರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದಾವಣಗೆರೆಯ ವಿದ್ಯಾನಗರದಲ್ಲಿರುವ ಪದವಿ ವಿದ್ಯಾರ್ಥಿ. ಬೇರೊಬ್ಬರು ಬಳಸಿದ ಕಂಪ್ಯೂಟರ್ ಒಂದನ್ನು ಕೊಂಡಿದ್ದೇನೆ. ಅದರೊಳಗೇ 56ಕೆ ಮೋಡೆಮ್ ಕಾರ್ಡ್ (ದೂರವಾಣಿ ತಂತಿಯ ಮೂಲಕ ಅಂತರಜಾಲಕ್ಕೆ ಜೋಡಿಸುವ ಕಾರ್ಡ್) ಇದ್ದು, ವಿಂಡೋಸ್‌ನಲ್ಲಿ ಸರಿಯಾಗಿ ಡಯಲ್ ಆಗುತ್ತಿತ್ತು. ಉಬುಂಟು ಲಿನಕ್ಸ್ ಹಾಕಿದ ಮೇಲೆ, ಡಯಲ್ ಮಾಡಿಸುವ ಡಬ್ಲ್ಯುವಿಡಯಲ್‌ನ ಸಂರಚನಾ ತಂತ್ರಾಂಶವು ಮೋಡೆಮ್ ಸಿಗಲಿಲ್ಲ ಎನ್ನುತ್ತದೆ. ರಿಪೇರಿಯವರು ಕಾರ್ಡ್ ಸುಟ್ಟಿದೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿನ್ನೆಯವರೆಗೆ ವಿಂಡೋಸ್‌ನಲ್ಲಿ ಕೆಲಸ ಮಾಡಿದ ಕಾರ್ಡ್ ಲಿನಕ್ಸ್ ಹಾಕಿದ ದಿನವೇ ಸುಟ್ಟುಹೋಗುವುದು ಅಪರೂಪ. ನೀವು ಬಳಸಿದ ತಂತ್ರಾಂಶವು ಸೀರಿಯಲ್ ಪೋರ್ಟ್‌ಗಳನ್ನು ಒಂದೊಂದಾಗಿ ತಟ್ಟಿ, ಮೋಡೆಮ್‌ಗೆ ಕೊಡುವ ‘ಎಟಿ’ ಎಂಬ ಆಜ್ಞೆಗೆ ಯಾರು ಉತ್ತರಿಸುತ್ತಾರೆಂದು ನೋಡುತ್ತದೆ, ಅಷ್ಟೆ. ಹಳೆಯ ಮೋಡೆಮ್‌ಗಳಲ್ಲಿ ಆ ಆಜ್ಞೆಯನ್ನು ಅರ್ಥಮಾಡಿಕೊಳ್ಳುವ ನಿಯಂತ್ರಕವೂ, ಬಿಟ್‌ಗಳನ್ನು ಧ್ವನಿಯಾಗಿ ಮಾರ್ಪಡಿಸುವ ಸಂಕೇತ ಸಂಸ್ಕಾರಕವೂ ಕಾರ್ಡಿನ ಮೇಲೆಯೇ ಇರುತ್ತಿದ್ದವು. ಬೆಲೆ ಇಳಿಸಲು ಹೊರಟ ತಯಾರಕರು ಇವೆರಡರಲ್ಲಿ ಒಂದನ್ನೋ ಎರಡನ್ನೂ ಒಟ್ಟಿಗೋ ತೆಗೆದುಹಾಕಿ, ಆ ಕೆಲಸವನ್ನು ಕಂಪ್ಯೂಟರಿನ ಮುಖ್ಯ ಸಂಸ್ಕಾರಕಕ್ಕೆ ವಹಿಸುವ ಡ್ರೈವರನ್ನು (ಕಾರ್ಡನ್ನು ನಡೆಸುವ ತಂತ್ರಾಂಶವನ್ನು) ವಿಂಡೋಸ್‌ಗೆ ಮಾತ್ರ ಬರೆದುಕೊಟ್ಟರು. ಇಂಥ ಕಾರ್ಡ್‌ಗಳಿಗೆ ವಿನ್‌ಮೋಡೆಮ್ ಎಂಬ ಹೆಸರು ಬಂದದ್ದು ಹಾಗೆ. ಡ್ರೈವರ್ ಇಲ್ಲದಿದ್ದರೆ ಅದು ಮೋಡೆಮ್ಮೇ ಅಲ್ಲ. ಆದ್ದರಿಂದ ಎಷ್ಟು ತಟ್ಟಿದರೂ ಉತ್ತರ ಬರುವುದಿಲ್ಲ.

ಪೆಟ್ಟಿಗೆಯ ಮೇಲಿನ ಅಥವಾ ಕಾರ್ಡಿನ ಮೇಲಿನ ಕಂಪನಿಯ ಹೆಸರನ್ನು ನಂಬಿ ಡ್ರೈವರ್ ಹುಡುಕಬೇಡಿ. ಒಂದೇ ಹೆಸರಿನಲ್ಲಿ ಮಾರಾಟವಾಗುವ ಕಾರ್ಡ್‌ಗಳಲ್ಲಿ ಬೇರೆ ಬೇರೆ ಚಿಪ್‌ಗಳಿರುತ್ತವೆ. ಡ್ರೈವರ್ ಹೊಂದಬೇಕಾದದ್ದು ಚಿಪ್‌ಗೆ. ಟರ್ಮಿನಲ್ ತೆರೆದು ‘ಎಲ್‌ಎಸ್‌ಪಿಸಿಐ’ ಆಜ್ಞೆಯನ್ನು ‘ಎನ್’ ಎಂಬ ಆಯ್ಕೆಯೊಂದಿಗೆ ಕೊಡಿ (ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು, ಆಯ್ಕೆಯ ಮುಂದೆ ಅಡ್ಡಗೆರೆ ಇರಬೇಕು). ಪ್ರತಿಯೊಂದು ಸಾಧನದ ಎದುರು ನಡುವೆ ವಿಸರ್ಗದಂಥ ಚಿಹ್ನೆಯಿರುವ ಎರಡು ಸಂಖ್ಯೆಗಳು ಕಾಣುತ್ತವೆ. ಮೊದಲನೆಯದು ಚಿಪ್ ತಯಾರಕರದು, ಎರಡನೆಯದು ಚಿಪ್‌ನದು. ಪಟ್ಟಿಯಲ್ಲಿ ಮೋಡೆಮ್ ಕಾಣಿಸದೇ ಹೋದರೆ ಮಾತ್ರ ರಿಪೇರಿಯವರ ಮಾತಿಗೆ ಬೆಲೆಯಿದೆ. ಆಗಲೂ ಮೊದಲು ಕಂಪ್ಯೂಟರ್ ಬಂದ್ ಮಾಡಿ, ಕಾರ್ಡ್ ಕಿತ್ತು ಮತ್ತೆ ಸರಿಯಾಗಿ ಕೂರಿಸಿ ನೋಡಿ. ಏಪ್ರಿಲ್, ಮೇ ತಿಂಗಳ ನಮ್ಮ ಗುಡುಗುಮಳೆಯಲ್ಲಿ ದೂರವಾಣಿ ತಂತಿಯ ಮೂಲಕ ಸಿಡಿಲಿನ ಆಘಾತ ಬಂದು ಸತ್ತ ಕಾರ್ಡ್‌ಗಳೂ ಉಂಟು. ಮೋಡ ಕವಿದಾಗ ತಂತಿಯನ್ನು ಕಿತ್ತಿಡುವುದು ಲೇಸು.

ತಯಾರಕರ ಸಂಖ್ಯೆ 11ಸಿ1 ಆಗಿದ್ದರೆ ಅದು ಲೂಸೆಂಟ್ ಅಥವಾ ಏಜಿಯರ್ ಚಿಪ್. ಎರಡನೆಯ ಸಂಖ್ಯೆ 044 ಅಥವಾ 045ರಿಂದ ಆರಂಭವಾಗಿದ್ದರೆ, 2.6 ಆವೃತ್ತಿಯ ಕರ್ನಲ್‌ನಲ್ಲಿ (ಕರ್ನಲ್ ಎಂದರೆ ಲಿನಕ್ಸ್‌ನ ತಿರುಳು) ಮಾರ್ಷಿಯನ್ ಎಂಬ ಡ್ರೈವರ್ ಬಹುಮಟ್ಟಿಗೆ ಸಾಕಾಗುತ್ತದೆ. 14ಎಫ್1 ಎಂದಿದ್ದರೆ ಕೊನೆಕ್ಸಂಟ್. ಅದರ ಎಚ್‌ಎಸ್‌ಎಫ್ ಚಿಪ್‌ಗಳಿಗೆ ಲಿನಕ್ಸಾಂಟ್ ಸಂಸ್ಥೆಯ ಡ್ರೈವರ್ ಇತ್ತಾದರೂ ಉಚಿತವಾಗಿ ಸಿಗುತ್ತಿದ್ದ ರೂಪದಲ್ಲಿ ವೇಗ ಸೆಕೆಂಡಿಗೆ 14.4 ಕಿಲೋಬಿಟ್‌ಗೆ ಸೀಮಿತವಾಗಿತ್ತು, ಪೂರ್ಣ ವೇಗ ಬೇಕಾದರೆ ಸುಮಾರು 20 ಡಾಲರ್ ತೆರಬೇಕಿತ್ತು. ವಿದೇಶಿ ಪಾವತಿಗೆ ಕಾರ್ಡ್ ಇಲ್ಲದ ವಿದ್ಯಾರ್ಥಿಗೆ ಈ ದಾರಿ ಮುಚ್ಚಿದಂತೆಯೇ ಇತ್ತು. 163ಸಿ ಸ್ಮಾರ್ಟ್‌ಲಿಂಕ್‌ನದು; ಅದಕ್ಕೆ ಎಸ್‌ಎಲ್‌ಮೋಡೆಮ್ ಇದೆ. ತೊಡಕಿರುವುದು 8086ರಲ್ಲಿ. ಅದು ಇಂಟೆಲ್‌ನ ಸಂಖ್ಯೆ ಎಂಬುದು ನಿಜವೇ ಆದರೂ, ಮದರ್‌ಬೋರ್ಡ್‌ನಲ್ಲೇ ಇರುವ ಎಸಿ97 ಮೋಡೆಮ್ ಅದಾಗಿದ್ದರೆ ಅದಕ್ಕೆ ಜೋಡಿಸಿದ ಕೋಡೆಕ್ (ಧ್ವನಿಯನ್ನು ಅಂಕಿಗಳಾಗಿ, ಅಂಕಿಗಳನ್ನು ಧ್ವನಿಯಾಗಿ ಬದಲಿಸುವ ಚಿಪ್) ಇನ್ನೊಂದು ಕಂಪನಿಯದಾಗಿರಬಹುದು, ಡ್ರೈವರ್ ನಿರ್ಧಾರವಾಗುವುದು ಆ ಕೋಡೆಕ್‌ನಿಂದ. ಆದ್ದರಿಂದ ಊಹಿಸುವ ಬದಲು ಇಂಥ ಮೋಡೆಮ್‌ಗಳನ್ನು ಲಿನಕ್ಸ್‌ನಲ್ಲಿ ನಡೆಸಲು ನೆರವಾಗುವ ಲಿನ್‌ಮೋಡೆಮ್ಸ್ ಬಳಗದವರ ಸ್ಕ್ಯಾನ್‌ಮೋಡೆಮ್ ಎಂಬ ಸ್ಕ್ರಿಪ್ಟನ್ನು ಓಡಿಸಿ. ಅದು ಚಿಪ್ಪನ್ನೂ ಕೋಡೆಕ್ಕನ್ನೂ ನಿಮ್ಮ ಕರ್ನಲ್ ಆವೃತ್ತಿಯನ್ನೂ ಪರೀಕ್ಷಿಸಿ, ಯಾವ ಡ್ರೈವರ್ ಬೇಕೆಂಬುದನ್ನು ಒಂದು ಪಠ್ಯ ಕಡತದಲ್ಲಿ ಬರೆದಿಡುತ್ತದೆ.

ಅಂತರಜಾಲ ಸಿಗಲು ಡ್ರೈವರ್ ಬೇಕು, ಡ್ರೈವರ್ ಸಿಗಲು ಅಂತರಜಾಲ ಬೇಕು. ಹೀಗಾಗಿ ಸೈಬರ್ ಕೇಂದ್ರಕ್ಕೆ ಪೆನ್‌ಡ್ರೈವ್ ಹಿಡಿದು ಹೋಗದೆ ವಿಧಿಯಿಲ್ಲ. ಹೊರಡುವ ಮುನ್ನ ‘ಯುನೇಮ್’ ಆಜ್ಞೆಗೆ ‘ಆರ್’ ಆಯ್ಕೆ ಸೇರಿಸಿ, ಬರುವ ಕರ್ನಲ್ ಆವೃತ್ತಿಯನ್ನು ಕೊನೆಯ ಅಂಕಿಯವರೆಗೂ ಬರೆದುಕೊಳ್ಳಿ. ಡ್ರೈವರಿನ ಮೂಲಸಂಕೇತವನ್ನು ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕಾದ್ದರಿಂದ (ಯಂತ್ರ ಓಡಿಸಬಲ್ಲ ರೂಪಕ್ಕೆ ತರಬೇಕಾದ್ದರಿಂದ) ಆ ಕೆಲಸದ ಸಲಕರಣೆಗಳಾದ ಜಿಸಿಸಿ, ಮೇಕ್ ಮತ್ತು ಅದೇ ಆವೃತ್ತಿಯ ಕರ್ನಲ್ ಹೆಡರ್ ಕಡತಗಳು ಬೇಕಾಗುತ್ತವೆ. ಇವುಗಳಲ್ಲಿ ಹಲವು ಸ್ಥಾಪನಾ ಸಿ.ಡಿ.ಯಲ್ಲೇ ಇರಬಹುದು, ಮೊದಲು ಅಲ್ಲಿ ಹುಡುಕಿ. ಸ್ಮಾರ್ಟ್‌ಲಿಂಕ್ ಮತ್ತು ಮಾರ್ಷಿಯನ್ ಎರಡರಲ್ಲೂ ಕರ್ನಲ್‌ಗೆ ಸೇರಿಸುವ ತುಣುಕಾದ ಮಾಡ್ಯೂಲ್ ಒಂದು, ಹಿನ್ನೆಲೆಯಲ್ಲಿ ಓಡುವ ತಂತ್ರಾಂಶವಾದ ಡೀಮನ್ ಒಂದು ಇರುತ್ತವೆ. ಮಾಡ್ಯೂಲ್ ಸೇರಿಸಿ ಡೀಮನ್ ಓಡಿಸುವುದನ್ನು ಮರೆತರೆ ಮೋಡೆಮ್ ಸಾಧನವೇ ಹುಟ್ಟುವುದಿಲ್ಲ. ಡೀಮನ್ ಓಡಿದ ಮೇಲೆ ಸ್ಮಾರ್ಟ್‌ಲಿಂಕ್‌ಗೆ ಟಿಟಿವೈಎಸ್‌ಎಲ್0, ಮಾರ್ಷಿಯನ್‌ಗೆ ಟಿಟಿವೈಎಸ್‌ಎಂ0 ಎಂಬ ಸಾಧನ ಕಾಣಿಸುತ್ತದೆ. ಅದೇ ಹೆಸರನ್ನು ಡಬ್ಲ್ಯುವಿಡಯಲ್‌ನ ಸಂರಚನಾ ಕಡತದಲ್ಲಿ ಕೈಯಾರೆ ಬರೆಯಿರಿ. ಸ್ಮಾರ್ಟ್‌ಲಿಂಕ್ ಆದರೆ ಅದೇ ಕಡತದಲ್ಲಿ ‘ಕ್ಯಾರಿಯರ್ ಚೆಕ್’ ಎಂಬುದಕ್ಕೆ ‘ನೋ’ ಎಂದು ಸೇರಿಸುವುದೂ ಅಗತ್ಯವಾಗಬಹುದು.

ಪ್ರಶ್ನೆ: ಹಿರಿಯೂರಿನವನು ನಾನು. ಎಸ್‌ಎಲ್‌ಮೋಡೆಮ್ ಹಾಕಿದ್ದೇನೆ, ಎಟಿ ಆಜ್ಞೆಗೆ ಉತ್ತರವೂ ಬರುತ್ತದೆ. ಡಯಲ್ ಮಾಡಿದರೆ ಮಾತ್ರ ‘ನೋ ಡಯಲ್‌ಟೋನ್’ ಎನ್ನುತ್ತದೆ. ದೂರವಾಣಿಯಲ್ಲಿ ಟೋನ್ ಚೆನ್ನಾಗಿಯೇ ಕೇಳುತ್ತದೆ.

ಉತ್ತರ: ನಿಮ್ಮ ಕಿವಿಗೆ ಕೇಳುವ ಟೋನ್ ಮೋಡೆಮ್‌ಗೂ ಕೇಳುತ್ತದೆ, ಆದರೆ ಅದನ್ನು ಡಯಲ್ ಟೋನ್ ಎಂದು ಅದು ಒಪ್ಪುತ್ತಿಲ್ಲ. ಅಮೆರಿಕದ ಡಯಲ್ ಟೋನ್ 350 ಮತ್ತು 440 ಹರ್ಟ್ಸ್‌ಗಳ ಜೋಡಿ. ನಮ್ಮ ದೇಶದ್ದು 400 ಹರ್ಟ್ಸ್ ಸ್ವರವನ್ನು 25 ಹರ್ಟ್ಸ್‌ನಿಂದ ಅಲುಗಿಸಿದ ಸದ್ದು. ಡೀಮನ್ ಆರಂಭಿಸುವಾಗ ದೇಶದ ಆಯ್ಕೆಯನ್ನು ನೀವು ಬದಲಿಸದಿದ್ದರೆ ಅದು ಅಮೆರಿಕದ ಟೋನ್‌ಗಾಗಿಯೇ ಕಾದಿರಬಹುದು. ಭಾರತವೆಂದು ಸೂಚಿಸಿ ಡೀಮನ್ನನ್ನು ಮತ್ತೆ ಓಡಿಸಿ. ಅದರಿಂದಲೂ ಬಗೆಹರಿಯದಿದ್ದರೆ ಆರಂಭಿಕ ಆಜ್ಞೆಗಳ ಕೊನೆಗೆ ‘ಎಟಿಎಕ್ಸ್3’ ಸೇರಿಸಿ. ಆಗ ಮೋಡೆಮ್ ಟೋನ್‌ಗಾಗಿ ಕಾಯದೆ ನೇರವಾಗಿ ಡಯಲ್ ಮಾಡುತ್ತದೆ, ಆದರೆ ತಂತಿ ಕಾರ್ಯನಿರತವಾಗಿದ್ದರೆ ಅದನ್ನು ಗುರುತಿಸುತ್ತದೆ. ಹಳೆಯ ವಿನಿಮಯ ಕೇಂದ್ರದ ಸಂಪರ್ಕವಾಗಿದ್ದು ಟೋನ್ ಡಯಲಿಂಗ್ ಒಪ್ಪದಿದ್ದರೆ ಎಟಿಡಿಟಿ (ಟೋನ್ ಡಯಲ್) ಬದಲು ಎಟಿಡಿಪಿ (ಪಲ್ಸ್ ಡಯಲ್) ಬಳಸಬೇಕಾಗುತ್ತದೆ.

ಪ್ರಶ್ನೆ: ಹರಿಹರದಿಂದ ಬರೆಯುತ್ತಿದ್ದೇನೆ. ಎರಡು ತಿಂಗಳು ಚೆನ್ನಾಗಿ ನಡೆದ ಮೋಡೆಮ್, ಕರ್ನಲ್ ನವೀಕರಿಸಿದ ಮರುದಿನವೇ ಮಾಯವಾಯಿತು.

ಉತ್ತರ: ನೀವು ಕಂಪೈಲ್ ಮಾಡಿದ ಮಾಡ್ಯೂಲ್ ಹಳೆಯ ಕರ್ನಲ್‌ಗೆ ಮಾತ್ರ ಸಲ್ಲುತ್ತದೆ, ಹೊಸ ಹೆಡರ್‌ಗಳೊಂದಿಗೆ ಮತ್ತೆ ಕಂಪೈಲ್ ಮಾಡಬೇಕು. ಸದ್ಯಕ್ಕೆ ಕಂಪ್ಯೂಟರ್ ಆರಂಭವಾಗುವಾಗ ಬರುವ ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿಕೊಂಡರೆ ಮೋಡೆಮ್ ಮರಳುತ್ತದೆ, ಅದರಲ್ಲೇ ಹೊಸ ಹೆಡರ್‌ಗಳನ್ನು ಇಳಿಸಿಕೊಳ್ಳಿ. ಈ ಚಿಪ್‌ಗಳ ಸಂಕೇತ ಸಂಸ್ಕರಣೆಯ ಭಾಗವನ್ನು ತಯಾರಕರು ಮುಚ್ಚಿದ 32 ಬಿಟ್ ಕಡತವಾಗಿಯೇ ಕೊಟ್ಟಿರುವುದರಿಂದ 64 ಬಿಟ್ ಲಿನಕ್ಸ್‌ಗೆ ಬದಲಾಯಿಸಿದರೆ ತಾಪತ್ರಯ ಇನ್ನೂ ಹೆಚ್ಚುತ್ತದೆ. ಪ್ರತಿ ನವೀಕರಣಕ್ಕೂ ಇದನ್ನು ಮಾಡುವ ತಾಳ್ಮೆ ಇಲ್ಲದಿದ್ದರೆ, ಹಳೆಯದಾದರೂ ಸರಿ, ಸೀರಿಯಲ್ ಪೋರ್ಟ್‌ಗೆ ಸಿಕ್ಕಿಸುವ ಹೊರಮೋಡೆಮ್ ಕೊಳ್ಳಿ ಎಂಬುದೇ ನನ್ನ ಸಲಹೆ. ಅದಕ್ಕೆ ಪ್ರತ್ಯೇಕ ಡ್ರೈವರಿನ ಅಗತ್ಯವೇ ಇಲ್ಲ. ಯುಎಸ್‌ಬಿ ಮೋಡೆಮ್ ತೋರಿಸಿದರೆ ಮಾತ್ರ ಎಚ್ಚರದಿಂದಿರಿ: ಅವುಗಳಲ್ಲೂ ವಿಂಡೋಸ್ ಡ್ರೈವರನ್ನು ನೆಚ್ಚಿದವು ಇವೆ, ಸಿಕ್ಕಿಸಿದ ಕೂಡಲೇ ಟಿಟಿವೈಎಸಿಎಂ0 ಎಂಬ ಸಾಧನ ಕಾಣಿಸಿದರಷ್ಟೇ ಕೊಳ್ಳಿ.