ಸಂಪಾದಕರ ಉತ್ತರ: ಗಾಳ ಮುರಿದ ಅಪ್ಪನಿಗೆ

ಮಾನ್ಯರೇ,

ನಿಮ್ಮ ಪತ್ರ ಕೈಸೇರಿ ಹನ್ನೆರಡು ದಿನ ಆಯಿತು. ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಇದು ಮೂರನೆಯದು. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗೂ ವಿಷಯ ತಿಳಿಯಬೇಕಲ್ಲ, ಅದಕ್ಕೆ ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ.

ನಿಮ್ಮ ಮಗನಿಗೆ ಇಪ್ಪತ್ತು ವರ್ಷ. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಭಾನುವಾರ ಬಂತೆಂದರೆ ಗೆಳೆಯರ ಜೊತೆ ಗೊರೂರು ಹಿನ್ನೀರಿಗೆ ಮೀನು ಹಿಡಿಯಲು ಹೋಗುತ್ತಾನೆ. ಒಂದು ಭಾನುವಾರ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದ. ಬಟ್ಟೆ ಎದೆಯವರೆಗೂ ಒದ್ದೆ, ಬಾಯಲ್ಲಿ ವಾಸನೆ. ಏನಾಯಿತೋ ಅಂತ ಕೇಳಿದರೆ 'ಏನಿಲ್ಲ, ಕಾಲು ಜಾರಿತು' ಅಂದ. ನೀವು ಸಿಟ್ಟಿನಲ್ಲಿ ಅವನ ಗಾಳ ಮುರಿದು ಬಚ್ಚಲ ಒಲೆಗೆ ಹಾಕಿದಿರಿ. ಅವತ್ತಿನಿಂದ ಅವನು ನಿಮ್ಮ ಜೊತೆ ಮಾತಾಡುತ್ತಿಲ್ಲ. ಕೊನೆಯಲ್ಲಿ ನಮ್ಮನ್ನೂ ಕೇಳಿದ್ದೀರಿ. ನಮ್ಮ ಮಳೆಗಾಲದ ಸಂಚಿಕೆಯ ಹತ್ತುಮೀನಿನ ಲೇಖನದಲ್ಲಿ 'ಒಂದು ಕೈಯಲ್ಲಿ ಗಾಳ, ಇನ್ನೊಂದು ಕೈಯಲ್ಲಿ ಗ್ಲಾಸು' ಅಂತ ಖುಷಿಯಾಗಿ ಬರೆದಿತ್ತು, ಇದನ್ನೆಲ್ಲ ಹುಡುಗರೂ ಓದುತ್ತಾರೆ ಅನ್ನುವುದು ನಿಮಗೆ ನೆನಪಿರಲಿಲ್ಲವೇ ಅಂತ.

ಮೊದಲು ಕೊನೆಯ ಪ್ರಶ್ನೆ. ನೆನಪಿರಬೇಕಿತ್ತು. ಆ ಲೇಖನ ನನ್ನ ಮೇಜಿನ ಮೇಲಿಂದಲೇ ದಾಟಿ ಹೋಗಿದ್ದು. ಮೊದಲ ಮಳೆಗೆ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ ಗದ್ದೆಗೆ ಬರುವುದು, ಹುಡುಗರು ಟಾರ್ಚು ಹಿಡಿದು ಬದುವಿನ ಮೇಲೆ ಓಡುವುದು, ಅದೆಲ್ಲ ಎಷ್ಟು ಚೆನ್ನಾಗಿತ್ತೆಂದರೆ ಆ ಒಂದು ಸಾಲನ್ನು ನಾನು ಸುಮ್ನೆ ಓದಿಕೊಂಡು ಹೋಗಿಬಿಟ್ಟೆ. ಬೇರೆ ಯಾರು ಹಾಗೆ ಮಾಡಿದ್ದರೂ ಒಪ್ಪಬಹುದಿತ್ತು, ನಾನು ಮಾಡಬಾರದಿತ್ತು. ಯಾಕೆ ಅನ್ನುವುದನ್ನು ಹೇಳುವುದಕ್ಕೇ ಈ ಪತ್ರ ಇಷ್ಟು ಉದ್ದ ಆಗುತ್ತಿದೆ.

1986ರ ಮೇ ತಿಂಗಳು. ನನಗೂ ಆಗ ಇಪ್ಪತ್ತು. ಸಾಗರದಲ್ಲಿ ಡಿಗ್ರಿ ಎರಡನೇ ವರ್ಷದ ಪರೀಕ್ಷೆ ಮುಗಿದಿತ್ತು. ನಾವು ನಾಲ್ಕು ಜನ ಶರಾವತಿ ಹಿನ್ನೀರಿಗೆ ಹೊರಟೆವು. ಬಸ್ಸಿಳಿದು ಒಂದು ಗಂಟೆ ನಡೆಯಬೇಕು. ಕೈಯಲ್ಲಿ ಬಿದಿರಿನ ನಾಲ್ಕು ಗಾಳ. ಗೊಬ್ಬರದ ಗುಂಡಿಯಿಂದ ಕೆದಕಿ ತೆಗೆದ ಎರೆಹುಳು ಒಂದು ಗೆರಟೆಯಲ್ಲಿ, ಮೇಲೆ ಒದ್ದೆ ಮಣ್ಣು, ಬಾಳೆ ಎಲೆಯ ಮುಚ್ಚಳ. ಚೀಲದಲ್ಲಿ ಅವಲಕ್ಕಿ, ಈರುಳ್ಳಿ, ಖಾರದ ಪುಡಿ, ಒಂದು ಬಾಣಲೆ. ಅದರ ಕೆಳಗೆ ಟವೆಲಿನಲ್ಲಿ ಸುತ್ತಿದ ಐದು ಕ್ವಾರ್ಟರ್ ರಮ್ಮು.

ಮೇ ತಿಂಗಳಿನ ಹಿನ್ನೀರು ನೋಡಿದವರಿಗೆ ಗೊತ್ತು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಹಿಂದೆ ಊರು, ತೋಟ, ಗದ್ದೆ, ಕಾಡು ಎಲ್ಲ ಮುಳುಗಿತು. ಮಳೆಗಾಲದಲ್ಲಿ ಏನೂ ಕಾಣುವುದಿಲ್ಲ, ಬರೀ ನೀರು. ಬೇಸಿಗೆಯಲ್ಲಿ ನೀರು ಇಳಿದಾಗ ಮರದ ಕೊರಡುಗಳು ಕಪ್ಪಗೆ ತಲೆ ಎತ್ತಿ ನಿಂತಿರುತ್ತವೆ. ದಡದ ಕೆಂಪು ಮಣ್ಣು ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಕಾಲಿಟ್ಟರೆ ಒಳಗೆ ಹಸಿ ಕೆಸರು. ನೀರಿನ ಕೆಳಗೆ ಹಳೆಯ ಗದ್ದೆಯ ಬದುಗಳು ಹಾಗೇ ಇವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಾ ಇರುತ್ತೀರಿ, ಬದು ಮುಗಿಯುತ್ತದೆ, ಮುಂದಿನ ಹೆಜ್ಜೆಗೆ ನೆಲವೇ ಇರುವುದಿಲ್ಲ. ನಿಮ್ಮ ಗೊರೂರಿನ ಕಥೆಯೂ ಇದೇ ಅಲ್ವಾ? ಹೇಮಾವತಿಯ ನೀರಿನ ಕೆಳಗೂ ಊರು, ಹೊಲಗಳಿವೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವುದನ್ನು ಜನ ಫೋಟೋ ತೆಗೆಯಲು ಹೋಗುತ್ತಾರೆ. ಮೇಲಿನಿಂದ ನೋಡಿ ತಳ ಹೇಗಿದೆ ಅಂತ ಹೇಳಲು ಅಲ್ಲಿ ಯಾರಿಗೂ ಆಗುವುದಿಲ್ಲ.

ಸಂಜೆಯೊಳಗೆ ಮೂರು ಜಿಲೇಬಿ ಮೀನು ಸಿಕ್ಕಿದವು. ಒಲೆ ಹೂಡುವ ಮೊದಲೇ ಬಾಟಲಿ ತೆರೆದೆವು. ಹೊಟ್ಟೆ ಖಾಲಿ. ಮೀನು ಬೇಯುವಷ್ಟರಲ್ಲಿ ಕತ್ತಲಾಗಿತ್ತು, ಮೂರು ಕ್ವಾರ್ಟರ್ ಮುಗಿದಿತ್ತು. ಅದರಲ್ಲಿ ಜಾಸ್ತಿ ಕುಡಿದವನು ನಮ್ಮಲ್ಲೆಲ್ಲ ಚೆನ್ನಾಗಿ ಈಜುವವನು. ಚಿಕ್ಕಂದಿನಿಂದ ಹೊಳೆಯಲ್ಲೇ ಬೆಳೆದ ಹುಡುಗ. ಅವನ ಗಾಳ ನೀರಿನಲ್ಲಿ ಕೊರಡಿಗೆ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. 'ದಾರ ಹೊಸದು ಕಣೋ, ಬಿಡಿಸ್ಕೊಂಡು ಬರ್ತೀನಿ' ಅಂದವನೇ ಲುಂಗಿ ಎತ್ತಿ ಕಟ್ಟಿ ಇಳಿದ. ನಾವು ಯಾರೂ ಬೇಡ ಅನ್ನಲಿಲ್ಲ. ಕುಡಿದಿರದಿದ್ದರೆ ನಾಲ್ವರಲ್ಲಿ ಒಬ್ಬನಾದರೂ ಅನ್ನುತ್ತಿದ್ದ.

ಹತ್ತು ಹನ್ನೆರಡು ಹೆಜ್ಜೆ ಹೋಗಿರಬೇಕು. ಟಾರ್ಚಿನ ಬೆಳಕಿನಲ್ಲಿ ಅವನ ಬೆನ್ನು ಕಾಣುತ್ತಿತ್ತು. ಆಮೇಲೆ ಬೆನ್ನಿಲ್ಲ. ತಲೆ ಒಂದು ಸಲ ಮೇಲೆ ಬಂತು, ಬಾಯಿ ತೆರೆದಿತ್ತು, ಸದ್ದಿಲ್ಲ. ಮತ್ತೆ ಹೋಯಿತು. ನಾವು ನಕ್ಕೆವು. ನೀರಿನಲ್ಲಿ ಹೀಗೆ ಆಟ ಆಡುವುದು ಅವನಿಗೆ ಮಾಮೂಲು. ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಅಂತ ನಾವು ಅಂದುಕೊಂಡಿದ್ದೆವು. ನಿಜವಾಗಿ ಮುಳುಗುವವನಿಗೆ ಕೂಗಲು ಉಸಿರೇ ಇರುವುದಿಲ್ಲ. ತಲೆ ಮೇಲೆ ಬಂದ ಒಂದು ಗಳಿಗೆಯಲ್ಲಿ ಉಸಿರು ಎಳೆದುಕೊಳ್ಳುವುದೇ ಅವನಿಗೆ ದೊಡ್ಡ ಕೆಲಸ. ಆ ನಗು ನನಗೆ ಈಗಲೂ ಕೇಳಿಸುತ್ತದೆ.

ನಗು ನಿಂತ ಮೇಲೆ ಇನ್ನೊಬ್ಬ ಧುಮುಕಿದ. ಅವನ ಕಾಲು ಕೆಸರಿನಲ್ಲಿ ಹೂತಿತು. ಈಗ ನೀರಿನಲ್ಲಿ ಇಬ್ಬರು, ದಡದಲ್ಲಿ ಇಬ್ಬರು. ನಾನು ಬಾಯಿಗೆ ಬಂದ ಹಾಗೆ ಕೂಗಿದೆ. ಆಚೆ ಕೊಲ್ಲಿಯಲ್ಲಿ ಬಲೆ ಬಿಟ್ಟು ಮಲಗಿದ್ದ ಹಿರಿಯರೊಬ್ಬರು ದೋಣಿ ತಂದರು. ಅವರು ನೀರಿಗೆ ಇಳಿಯಲೇ ಇಲ್ಲ, ಅದನ್ನು ಗಮನಿಸಿ. ದೋಣಿಯಲ್ಲಿ ಕೂತೇ ಹುಟ್ಟು ಚಾಚಿದರು. ಕೆಸರಿನಲ್ಲಿದ್ದವನು ಅದನ್ನು ಹಿಡಿದ. ಮುಳುಗಿದ್ದವನ ಕೂದಲು ಅವರ ಕೈಗೆ ಸಿಕ್ಕಿತು. ದಡಕ್ಕೆ ತಂದಾಗ ಅವನು ಉಸಿರಾಡುತ್ತಿದ್ದ, ಕೆಮ್ಮುತ್ತಿದ್ದ, ಮೈಮೇಲೆ ಎಚ್ಚರ ಇರಲಿಲ್ಲ. ನಾವು ಅವನನ್ನು ಅಂಗಾತ ಮಲಗಿಸಿದೆವು. ಅಜ್ಜ ನಮ್ಮನ್ನು ಪಕ್ಕಕ್ಕೆ ತಳ್ಳಿ ಅವನನ್ನು ಮಗ್ಗುಲಿಗೆ ತಿರುಗಿಸಿದರು. 'ಕುಡಿದವನನ್ನ ಅಂಗಾತ ಮಲಗಿಸ್ತಾರಾ? ವಾಂತಿ ಬಂದ್ರೆ ಉಸಿರು ಕಟ್ಟಿ ಸಾಯ್ತಾನೆ' ಅಂದರು. ಅವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ವಾಂತಿಯೂ ಆಯಿತು.

ಆಗ ನಾವು ಆ ಅಜ್ಜನನ್ನು ಮೊದಲು ಕೇಳಿದ್ದು ಏನು ಗೊತ್ತಾ? ಆಸ್ಪತ್ರೆ ಎಲ್ಲಿದೆ ಅಂತ ಅಲ್ಲ. 'ಯಾರಿಗೂ ಹೇಳ್ಬೇಡಿ ಅಜ್ಜಾ, ಮನೇಲಿ ಗೊತ್ತಾದ್ರೆ ಕೊಂದೇ ಹಾಕ್ತಾರೆ' ಅಂತ ಕೈ ಮುಗಿದೆವು. ಬೆಳಿಗ್ಗೆ ಬಾಯಿ ತೊಳೆದು, ಪೇರಲೆ ಎಲೆ ಅಗಿದು ಬಸ್ಸು ಹತ್ತಿದೆವು. ಅವನಿಗೆ ಬಿಸಿಲು ಬಡಿದಿದೆ ಅಂತ ಅವನ ಮನೆಯಲ್ಲಿ ಹೇಳಿದೆವು. ಎರಡನೇ ದಿನ ಜ್ವರ. ಮೂರನೇ ದಿನ ಉಸಿರಾಡಿದರೆ ಎದೆಯಲ್ಲಿ ಗೊರಗೊರ. ಮನೆಯವರು ಕಷಾಯ ಕೊಡುತ್ತಾ ಇದ್ದರು. ಅವರಾದರೂ ಏನು ಮಾಡಿಯಾರು? ಬಿಸಿಲು ಬಡಿದದ್ದಕ್ಕೆ ಏನು ಮಾಡಬೇಕೋ ಅದನ್ನು ಮಾಡಿದರು. ನಾಲ್ಕನೇ ದಿನ ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ನಮ್ಮ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು: 'ಇವನು ನೀರಿಗೆ ಬಿದ್ದಿದ್ನಾ?' ನಾನು ಹೌದು ಅಂದೆ. ನ್ಯುಮೋನಿಯಾ ಆಗಿತ್ತು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದ. ಬದುಕಿದ.

ಅವನ ಅಪ್ಪ ತುಂಬ ಸಿಟ್ಟಿನ ಮನುಷ್ಯ ಅಂತ ಊರಲ್ಲೆಲ್ಲ ಹೆಸರು. ನಿಜ ಹೊರಬಿದ್ದ ದಿನ ಆಸ್ಪತ್ರೆಯ ವರಾಂಡದಲ್ಲಿ ನನ್ನನ್ನು ಕರೆದರು. ಹೊಡೆತ ಬೀಳುತ್ತದೆ ಅಂತ ನಿಂತಿದ್ದೆ. ಅವರು ಹೊಡೆಯಲಿಲ್ಲ. ಹೆಗಲ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತಾ, ನನ್ನ ಮುಖ ನೋಡದೆ ಕೇಳಿದರು: 'ಮಗ ಸಾಯ್ತಾ ಇದ್ರೂ ಹೇಳಕ್ಕೆ ಹೆದರೋವಷ್ಟು ಕೆಟ್ಟವನೇನೋ ನಾನು?'

ನಿಮ್ಮ ಪತ್ರ ಓದುವಾಗ ನನಗೆ ಈ ಮಾತೇ ನೆನಪಾಯಿತು. ನಿಮ್ಮ ಮಗ 'ಕಾಲು ಜಾರಿತು' ಅಂದಿದ್ದಾನೆ. ಎದೆಯವರೆಗೆ ಒದ್ದೆ ಆಗುವಷ್ಟು ಜಾರಿದ್ದು ಹೇಗೆ ಅಂತ ನೀವು ಕೇಳುವ ಮೊದಲೇ ಗಾಳ ಒಲೆಯಲ್ಲಿತ್ತು. ನಿಮ್ಮ ಸಿಟ್ಟು ತಪ್ಪು ಅಂತ ನಾನು ಹೇಳುವುದಿಲ್ಲ. ಹೆದರಿಕೆ ಆದಾಗ ಅಪ್ಪಂದಿರಿಗೆ ಬರುವುದೇ ಸಿಟ್ಟು. ಆದರೆ ಅವನನ್ನು ನೀರಿಗೆ ಬೀಳಿಸಿದ್ದು ಗಾಳ ಅಲ್ಲ. ಗಾಳ ಹಿಡಿದು ಕೂತ ಹುಡುಗ ಎರಡು ಗಂಟೆ ಬೆಂಡು ನೋಡುತ್ತಾ ಸುಮ್ಮನೆ ಕೂರುವುದನ್ನು ಕಲಿಯುತ್ತಾನೆ. ಈ ಕಾಲದಲ್ಲಿ ಅದು ಸಣ್ಣ ವಿಷಯ ಅಲ್ಲ. ಬೇಡದ್ದು ಚೀಲದ ತಳದಲ್ಲಿ ಇರುವ ಬಾಟಲಿ.

ಅದನ್ನು ಅವನಿಗೆ ಹೇಳುವಾಗ ಬೈಗುಳ ಬೇಡ, ಲೆಕ್ಕ ಹೇಳಿ. ಇಂಜಿನಿಯರಿಂಗ್ ಹುಡುಗ, ಲೆಕ್ಕ ಅರ್ಥ ಆಗುತ್ತದೆ. ಒಂದು ಕ್ವಾರ್ಟರ್ ಅಂದರೆ 180 ಮಿಲಿಲೀಟರ್. ಅದರಲ್ಲಿ ಶೇಕಡಾ 42.8 ಆಲ್ಕೋಹಾಲ್. ತೂಕದಲ್ಲಿ ಸುಮಾರು 60 ಗ್ರಾಂ. ನಮ್ಮ ಲಿವರ್ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ ಏಳರಿಂದ ಹತ್ತು ಗ್ರಾಂ. ಅಂದರೆ ಸಂಜೆ ಏಳಕ್ಕೆ ಒಂದು ಕ್ವಾರ್ಟರ್ ಹಾಕಿದವನ ಮೈಯಲ್ಲಿ ಮಧ್ಯರಾತ್ರಿಗೂ ಅದು ಇರುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರ ಸ್ನಾನ ಯಾವುದರಿಂದಲೂ ಅದು ಬೇಗ ಇಳಿಯುವುದಿಲ್ಲ. ಕಿವಿಯ ಒಳಗೆ ಇರುವ, ಮೈಯ ಸಮತೋಲ ಕಾಯುವ ಭಾಗವನ್ನೂ ಅದು ಕೆಡಿಸುತ್ತದೆ. ಕತ್ತಲ ನೀರಿನಲ್ಲಿ ಮುಳುಗಿದವನಿಗೆ ಮೇಲೆ ಯಾವುದು, ಕೆಳಗೆ ಯಾವುದು ಅಂತಲೇ ತಿಳಿಯುವುದಿಲ್ಲ. ಚಳಿಗೆ ಒಂದು ಪೆಗ್ ಒಳ್ಳೆಯದು ಅನ್ನುತ್ತಾರಲ್ಲ, ಅದೂ ಸುಳ್ಳು. ಚರ್ಮದ ರಕ್ತನಾಳ ಅಗಲ ಆಗಿ ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಒಳಗಿನ ಶಾಖ ಮಾತ್ರ ಬೇಗ ಹೊರಗೆ ಹೋಗುತ್ತದೆ. ಚೆನ್ನಾಗಿ ಈಜು ಬರುವವನಿಗೇ ಅಪಾಯ ಜಾಸ್ತಿ ಅಂತ ನನಗೆ ಅನ್ನಿಸುವುದು ಇದಕ್ಕೇ. ಈಜು ಬಾರದವನು ಕುಡಿದರೂ ದಡ ಬಿಡಲು ಹೆದರುತ್ತಾನೆ.

ಗಾಡಿ ಓಡಿಸುವವನಿಗೆ ಕಾನೂನು ಒಂದು ಗೆರೆ ಎಳೆದಿದೆ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಊದಿಸಿ ನೋಡಲು ರಸ್ತೆಯಲ್ಲಿ ಪೊಲೀಸರು ಇರುತ್ತಾರೆ. ನೀರಿನ ದಡದಲ್ಲಿ ಯಾರಿದ್ದಾರೆ? ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ ಅಂತ ಸರ್ಕಾರದ ಅಪರಾಧ ದಾಖಲೆಗಳ ಬ್ಯೂರೋ ಪಟ್ಟಿ ಹೇಳುತ್ತದೆ.

ಇನ್ನೊಂದು ವಿಷಯ, ಇದು ಎಲ್ಲ ಓದುಗರಿಗೂ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಧುಮುಕಬೇಡಿ. ಆ ಅಜ್ಜನ ಹಾಗೆ ಏನನ್ನಾದರೂ ಚಾಚಿ: ಕೋಲು, ಪಂಚೆ, ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು. ಮೇಲೆ ತಂದವನು ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿ. ಉಸಿರು ಇಲ್ಲದಿದ್ದರೆ ಮೂಗು ಮುಚ್ಚಿ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆಯ ನಡುವೆ ಜೋರಾಗಿ, ಬೇಗಬೇಗ ಒತ್ತಿ. ಮೂವತ್ತು ಸಲ ಒತ್ತುವುದು, ಎರಡು ಸಲ ಊದುವುದು, ಸಹಾಯ ಬರುವವರೆಗೂ ಬಿಡಬೇಡಿ. ಹೊಟ್ಟೆ ಅಮುಕುವುದು, ತಲೆಕೆಳಗಾಗಿ ಹಿಡಿಯುವುದು, ಉಪ್ಪಿನ ರಾಶಿಯಲ್ಲಿ ಮಲಗಿಸುವುದು ಇವೆಲ್ಲ ಬೇಡವೇ ಬೇಡ, ಇದ್ದ ಸಮಯವೂ ಹಾಳಾಗುತ್ತದೆ. 108ಕ್ಕೆ ಫೋನ್ ಮಾಡಿ. ನೀರು ಕುಡಿದು ಕೆಮ್ಮಿದವನು ಎದ್ದು ಓಡಾಡಿದರೂ ಅವತ್ತೇ ಡಾಕ್ಟರಿಗೆ ತೋರಿಸಿ, ನೀರಿಗೆ ಬಿದ್ದದ್ದು, ಕುಡಿದದ್ದು ಎರಡನ್ನೂ ಹೇಳಿ. ನಾವು ಮೂರು ದಿನ ಹೇಳದೆ ಕೂತಿದ್ದೆವು.

ಇಷ್ಟರ ಮೇಲೆ ನಿಮ್ಮಿಂದ ನಾನು ಕೇಳುವುದು ಎರಡು. ಇವತ್ತು ರಾತ್ರಿ ಊಟಕ್ಕೆ ಕೂತಾಗ ನೀವೇ ಮೊದಲು ಮಾತಾಡಿ. ಅವನು ಮೊದಲು ಮಾತಾಡಲಿ ಅಂತ ಕಾಯಬೇಡಿ, ದೊಡ್ಡವರು ನೀವು. 'ಎಂಥ ಹೊತ್ತಿನಲ್ಲಾದರೂ ಫೋನ್ ಮಾಡು, ನಾನು ಬಂದು ಕರ್ಕೊಂಡು ಬರ್ತೀನಿ, ಆ ರಾತ್ರಿ ಬೈಯಲ್ಲ' ಅಂತ ಹೇಳಿ. ಹೇಳಿದ ಮೇಲೆ ನಿಜವಾಗಿಯೂ ಬೈಯಬೇಡಿ. ಕುಡಿತದ ಬಗ್ಗೆ ಮಾತಾಡಲು ಮಾರನೇ ಬೆಳಿಗ್ಗೆ ಇದೆ. ಎರಡನೆಯದು, ಅವನಿಗೊಂದು ಗಾಳ ಕೊಡಿಸಿ, ಮೊದಲ ಸಲ ನೀವೂ ಜೊತೆಗೆ ಹೋಗಿ. ಹಗಲಲ್ಲಿ. ಅವನು ಎರೆಹುಳು ಹೇಗೆ ಚುಚ್ಚುತ್ತಾನೆ ನೋಡಿ.

ಆ ಹತ್ತುಮೀನಿನ ಲೇಖನ ಬರೆದವರ ಹತ್ತಿರ ಮಾತಾಡಿದ್ದೇನೆ. ಪುಸ್ತಕ ಮಾಡುವಾಗ ಆ ಸಾಲು ತೆಗೆಯುತ್ತೇನೆ ಅಂದಿದ್ದಾರೆ. ನೀರಿನ ದಡದ ಕುಡಿತವನ್ನು ಮಜಾ ಅಂತ ತೋರಿಸುವ ಬರಹ ಇನ್ನು ಮುಂದೆ ನಮ್ಮಲ್ಲಿ ಬರುವುದಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮೊದಲು ಆ ಗೆಳೆಯನಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅವನ ಕಥೆ, ಅವನು ಬೇಡ ಅಂದರೆ ಹಾಕುವ ಹಾಗಿಲ್ಲ. ಹಾಕು ಅಂದ. ಒಂದೇ ಕಡೆ ತಡೆದ. 'ಅಪ್ಪ ಆ ಮಾತು ಕೇಳಿದ್ದು ವರಾಂಡದಲ್ಲಿ ಅಲ್ಲ ಕಣೋ, ಮನೆಯಲ್ಲಿ. ನಾನು ಆಸ್ಪತ್ರೆಯಿಂದ ಬಂದ ರಾತ್ರಿ, ನನ್ನ ಹಾಸಿಗೆ ಪಕ್ಕ ಕೂತ್ಕೊಂಡು' ಅಂದ. ನನ್ನನ್ನು ಕೇಳಿದ್ದು ವರಾಂಡದಲ್ಲೇ, ನನಗೆ ಚೆನ್ನಾಗಿ ನೆನಪಿದೆ. ಅವನನ್ನೂ ಬೇರೆಯಾಗಿ ಕೇಳಿದ್ದರು ಅಂತ ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ಇಂತಿ ನಿಮ್ಮ,
ಸಂಪಾದಕ