ಬಿಯರ್ ಅರ್ಧಕ್ಕೇ ನಿಂತಿದೆ ಅಕ್ಕಾ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನಾನು ಮಿನಿಯಾಪೊಲಿಸ್‌ನಲ್ಲಿದ್ದೇನೆ. ಮನೆಯ ಬೇಸ್‌ಮೆಂಟ್‌ನಲ್ಲಿ 20 ಲೀಟರ್ ಬ್ರೌನ್ ಏಲ್ ಹಾಕಿದ್ದೇನೆ. ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಕಮ್ಮಿಯಾದಂತೆ ಇಳಿಯುತ್ತದೆ) 1.060 ಇತ್ತು. ಎಸ್-04 ಯೀಸ್ಟ್ ಒಂದು ಪ್ಯಾಕೆಟ್ ಹಾಕಿದೆ. ಮೊದಲೆರಡು ದಿನ ಏರ್‌ಲಾಕ್ (ಗ್ಯಾಸನ್ನು ಮಾತ್ರ ಹೊರಬಿಡುವ ನೀರಿನ ಕವಾಟ) ಜೋರಾಗಿ ಗುಳುಗುಳು ಅಂತಿತ್ತು, ಆಮೇಲೆ ತಣ್ಣಗಾಯಿತು. ಹತ್ತನೇ ದಿನ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದರೆ 8 ಬ್ರಿಕ್ಸ್ (ಸಕ್ಕರೆಯ ಅಳತೆ), ಅಂದರೆ ಗ್ರಾವಿಟಿ 1.032. ಇನ್ನೊಂದು ಪ್ಯಾಕೆಟ್ ಯೀಸ್ಟ್ ಸುರಿಯಲಾ? ಇಲ್ಲಾ ಬಾಟಲಿಗೆ ತುಂಬಿಬಿಡಲಾ? ಶನಿವಾರ ಗೆಳೆಯರು ಬರುತ್ತಾರೆ.

ಉತ್ತರ: ಎರಡೂ ಬೇಡ. ಮೊದಲು ಹೈಡ್ರೋಮೀಟರ್ ತೆಗೆಯಿರಿ, ತೇಲಿಬಿಟ್ಟು ಗ್ರಾವಿಟಿ ನೋಡುವ ಗಾಜಿನ ಕೊಳವೆ.

ಬ್ರೂವರಿ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು ನಾನು. ‘ನಿಂತುಹೋಯಿತು’ ಅಂತ ಬರುವ ಬಿಯರಿನಲ್ಲಿ ನಾನು ಮೊದಲು ಅನುಮಾನ ಪಡುವುದು ಅಳತೆಯನ್ನು. ರಿಫ್ರಾಕ್ಟೋಮೀಟರ್ ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಸಕ್ಕರೆ ಲೆಕ್ಕ ಹೇಳುತ್ತದೆ. ಯೀಸ್ಟ್ ಹಾಕುವ ಮೊದಲು ಅದರ ಮಾತು ನಂಬಬಹುದು. ಆಲ್ಕೋಹಾಲ್ ಹುಟ್ಟಿದ ಮೇಲೆ ನಂಬಬಾರದು. ಆಲ್ಕೋಹಾಲ್ ಕೂಡ ಬೆಳಕನ್ನು ಬಾಗಿಸುತ್ತದೆ, ಅದು ಸಕ್ಕರೆಯ ಲೆಕ್ಕಕ್ಕೇ ಸೇರಿಬಿಡುತ್ತದೆ. 1.060ರಲ್ಲಿ ಶುರುವಾದ ಬಿಯರು ಈಗ 8 ಬ್ರಿಕ್ಸ್ ತೋರಿಸಿದರೆ, ಆಲ್ಕೋಹಾಲ್ ಲೆಕ್ಕ ಕಳೆದ ಮೇಲೆ ನಿಜವಾದ ಗ್ರಾವಿಟಿ ಸುಮಾರು 1.015. ಎಸ್-04 ಸಾಮಾನ್ಯವಾಗಿ ಮುಕ್ಕಾಲು ಪಾಲು ಸಕ್ಕರೆ ತಿಂದು ನಿಲ್ಲುವ ಯೀಸ್ಟ್. 1.060ರ ಕೊನೆಯ 60ರಲ್ಲಿ ಮುಕ್ಕಾಲು ಹೋದರೆ ಉಳಿಯುವುದು 15 ತಾನೇ? ನಿಮ್ಮ ಬಿಯರು ಕೆಲಸ ಮುಗಿಸಿಕೊಂಡು ಕೂತಿರಬಹುದು.

ಹೈಡ್ರೋಮೀಟರನ್ನು ಬರಿ ನೀರಿನಲ್ಲಿ ಒಮ್ಮೆ ತೇಲಿಬಿಟ್ಟು 1.000 ತೋರಿಸುತ್ತದಾ ನೋಡಿ. ಯಾವ ಉಷ್ಣತೆಯಲ್ಲಿ ನೋಡಬೇಕು ಅಂತ ಅದರ ಮೇಲೇ ಬರೆದಿರುತ್ತದೆ. ಬಿಯರಿನ ಸ್ಯಾಂಪಲ್‌ನಲ್ಲಿರುವ ಗ್ಯಾಸು ಹೋಗುವ ತನಕ ಎರಡು ಲೋಟಗಳ ನಡುವೆ ಸುರಿದಾಡಿ. ಆಮೇಲೆ ಜಾರ್‌ಗೆ ಹಾಕಿ, ಹೈಡ್ರೋಮೀಟರನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ. ಗಾಜಿಗೆ ಅಂಟಿದ ಗುಳ್ಳೆ ಅದನ್ನು ಮೇಲೆತ್ತಿ ಸುಳ್ಳು ಹೇಳಿಸುತ್ತದೆ. ತಿರುಗಿಸಿದರೆ ಗುಳ್ಳೆ ಬಿಟ್ಟುಹೋಗುತ್ತದೆ. ನೋಡಿದ ಸ್ಯಾಂಪಲನ್ನು ಮತ್ತೆ ಫರ್ಮೆಂಟರ್‌ಗೆ ಸುರಿಯಬೇಡಿ. ಕುಡಿದು ರುಚಿ ನೋಡಿ, ಅದೂ ಒಂದು ಪರೀಕ್ಷೆಯೇ.

ಹೈಡ್ರೋಮೀಟರೂ 1.030 ಅಂದರೆ? ಆಗ ಬಿಯರು ನಿಜವಾಗಿ ನಿಂತಿದೆ. ಈಗ ಕೇಳಬೇಕಾದ್ದು ಒಂದೇ ಪ್ರಶ್ನೆ: ಯೀಸ್ಟ್ ಸುಸ್ತಾಗಿದೆಯೋ, ಅದಕ್ಕೆ ತಿನ್ನುವ ಸಕ್ಕರೆಯೇ ಉಳಿದಿಲ್ಲವೋ? ಇದನ್ನು ತಿಳಿದುಕೊಳ್ಳದೆ ಸುಮ್ನೆ ಯೀಸ್ಟ್ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ಚಳಿ ನೋಡಿ. ಮಿನಿಯಾಪೊಲಿಸ್ ಬೇಸ್‌ಮೆಂಟ್‌ನ ಕಾಂಕ್ರೀಟ್ ನೆಲ ಅಂದಮೇಲೆ ಕೇಳಬೇಕೆ! ಗೋಡೆಯ ಥರ್ಮೋಮೀಟರ್ 18 ಡಿಗ್ರಿ ಹೇಳುತ್ತಿದ್ದರೂ ನೆಲದ ಮೇಲಿನ ಬಕೆಟ್ಟಿನ ತಳ ತಣ್ಣಗಿರುತ್ತದೆ. ಮೊದಲೆರಡು ದಿನ ಯೀಸ್ಟ್ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳುತ್ತದೆ. ಆ ಜೋರು ಇಳಿದಾಗ ಬಿಯರೂ ತಣ್ಣಗಾಗುತ್ತದೆ. ಎಸ್-04 ಬೇಗ ತಳಕ್ಕೆ ಕೂರುವ ಜಾತಿ, ಚಳಿ ತಗುಲಿದರೆ ಇನ್ನೂ ಬೇಗ ಕೂರುತ್ತದೆ. ಇಡ್ಲಿ ಹಿಟ್ಟನ್ನು ಚಳಿಗಾಲದಲ್ಲಿ ಒಲೆಯ ಪಕ್ಕ ಇಡುವುದಿಲ್ಲವೇ, ಹಾಗೆ ಫರ್ಮೆಂಟರನ್ನು ಮೇಲಿನ ಮನೆಗೆ ತಂದು 20-21 ಡಿಗ್ರಿಯಲ್ಲಿಡಿ. ಮುಚ್ಚಳ ತೆಗೆಯದೆ ಮೆಲ್ಲಗೆ ಸುತ್ತಾಡಿಸಿ, ತಳದ ಯೀಸ್ಟ್ ಮೇಲೇಳಲಿ. ಕುಲುಕಬೇಡಿ. ಈ ಹಂತದಲ್ಲಿ ಗಾಳಿ ಸೇರಿದರೆ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಮೂರು ದಿನ ಬಿಟ್ಟು ಗ್ರಾವಿಟಿ ನೋಡಿ.

ಇಳಿದಿಲ್ಲವಾದರೆ ಬ್ರೂವರಿಯಲ್ಲಿ ಮಾಡುವ ಪರೀಕ್ಷೆ ಮಾಡಿ. 200 ಮಿ.ಲೀ. ಬಿಯರನ್ನು ಶುದ್ಧ ಮಾಡಿದ ಬಾಟಲಿಗೆ ತೆಗೆದುಕೊಳ್ಳಿ. ಹೊಸ ಯೀಸ್ಟ್ ಧಾರಾಳವಾಗಿ ಹಾಕಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ. 25 ಡಿಗ್ರಿ ಆಸುಪಾಸಿನ ಬೆಚ್ಚಗಿನ ಜಾಗದಲ್ಲಿಟ್ಟು ಆಗಾಗ ಅಲ್ಲಾಡಿಸಿ. ಎರಡು ದಿನದ ನಂತರ ಅದರ ಗ್ರಾವಿಟಿ ಇಳಿದಿದ್ದರೆ ಸಕ್ಕರೆ ಇದೆ, ನಿಮ್ಮ ಯೀಸ್ಟ್ ಸೋತಿದೆ ಅಂತ ಅರ್ಥ. ಆಗ ಮಾತ್ರ ಹೊಸ ಯೀಸ್ಟ್. ಅದನ್ನೂ ಪ್ಯಾಕೆಟ್ಟಿನಿಂದ ನೇರವಾಗಿ ಉದುರಿಸಬೇಡಿ, ಆಲ್ಕೋಹಾಲ್ ತುಂಬಿದ ಬಿಯರಿನಲ್ಲಿ ಒಣ ಯೀಸ್ಟ್ ಏಳುವುದು ಕಷ್ಟ. ಒಂದು ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕಿ. ನೊರೆ ಉಕ್ಕಿ ಬಂದ ಹೊತ್ತಿಗೆ ಸುರಿಯಿರಿ.

ಸ್ಯಾಂಪಲ್ ಕೂಡ ಇಳಿಯದಿದ್ದರೆ ತಪ್ಪು ಯೀಸ್ಟಿನದಲ್ಲ, ಮ್ಯಾಶಿನದು, ಅಂದರೆ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ ಸಕ್ಕರೆ ಬಿಡಿಸುವ ಹಂತದ್ದು. 65-67 ಡಿಗ್ರಿಯಲ್ಲಿ ಮ್ಯಾಶ್ ಮಾಡಿದರೆ ಯೀಸ್ಟ್ ತಿನ್ನಬಲ್ಲ ಸಕ್ಕರೆ ಜಾಸ್ತಿ ಸಿಗುತ್ತದೆ. 72ರ ಹತ್ತಿರ ಹೋದರೆ ಆ ಸಕ್ಕರೆ ಮಾಡುವ ಕಿಣ್ವ ಬೀಟಾ ಅಮೈಲೇಸ್ ಬೇಗ ಸಾಯುತ್ತದೆ, ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್ ಉಳಿಯುತ್ತದೆ. ನಿಮ್ಮ ಥರ್ಮೋಮೀಟರನ್ನು ಕರಗುತ್ತಿರುವ ಐಸ್ ನೀರಿನಲ್ಲಿ ಅದ್ದಿ, ಸೊನ್ನೆ ತೋರಿಸುತ್ತದಾ ನೋಡಿ. ಈ ಸಲದ ಬಿಯರು ಸ್ವಲ್ಪ ಸಿಹಿ, ಮೈತುಂಬಿಕೊಂಡಂತೆ ಇರುತ್ತದೆ. ಕುಡಿಯಲು ತೊಂದರೆ ಇಲ್ಲ.

ಬಾಟಲಿ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬಾಟಲಿಯೊಳಗೆ ಗ್ರಾವಿಟಿ ಒಂದು ಪಾಯಿಂಟ್ (0.001) ಇಳಿದರೆ ಸುಮಾರು ಅರ್ಧ ವಾಲ್ಯೂಮ್, ಅಂದರೆ ಲೀಟರ್ ಬಿಯರಿಗೆ ಅರ್ಧ ಲೀಟರ್ ಗ್ಯಾಸು ಹುಟ್ಟುತ್ತದೆ. ಸಾಮಾನ್ಯ ಬಿಯರಿನಲ್ಲಿರುವುದೇ ಎರಡೂವರೆ ವಾಲ್ಯೂಮ್. ನಿಜವಾಗಿ 1.030ರಲ್ಲಿ ನಿಂತ ಬಿಯರನ್ನು ತುಂಬಿಟ್ಟು, ಬೇಸಿಗೆಯಲ್ಲಿ ಯೀಸ್ಟ್ ಎದ್ದು 1.015ಕ್ಕೆ ಇಳಿಸಿತು ಅಂದುಕೊಳ್ಳಿ. ಏಳೂವರೆ ವಾಲ್ಯೂಮ್ ಹೆಚ್ಚುವರಿ! ಬಾಟಲಿ ಒಡೆದು ಗಾಜು ಹಾರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ. ಮೂರು ದಿನದ ಅಂತರದಲ್ಲಿ ಎರಡು ಸಲ ಒಂದೇ ಗ್ರಾವಿಟಿ ಬರಬೇಕು, ಅದು ಯೀಸ್ಟಿನ ಲೆಕ್ಕಕ್ಕೂ ಹೊಂದಬೇಕು. ಆಮೇಲೇ ಬಾಟಲಿ. ಶನಿವಾರಕ್ಕೆ ಅಂಗಡಿಯಿಂದ ತನ್ನಿ.

ಪ್ರಶ್ನೆ: ಲಾಗರ್ ಮಾಡಿದ್ದೆ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬರುತ್ತಿದೆ. ಚೆಲ್ಲಬೇಕಾ? (ನ್ಯೂಜೆರ್ಸಿ)

ಉತ್ತರ: ಚೆಲ್ಲಬೇಡಿ! ಅದು ಡಯಾಸಿಟೈಲ್. ಯೀಸ್ಟ್ ಬಿಟ್ಟ ವಸ್ತುವಿನಿಂದಲೇ ಅದು ಹುಟ್ಟುತ್ತದೆ, ಬೆಚ್ಚಗಿದ್ದರೆ ಯೀಸ್ಟೇ ಅದನ್ನು ವಾಪಸ್ ತಿನ್ನುತ್ತದೆ. ನೀವು ಅವಸರದಲ್ಲಿ ತಣ್ಣಗೆ ಮಾಡಿರಬೇಕು. ಯೀಸ್ಟ್ ಇನ್ನೂ ಇದ್ದರೆ 18 ಡಿಗ್ರಿಗೆ ತಂದು ಎರಡು ಮೂರು ದಿನ ಬಿಡಿ. ಮುಗಿಯಿತೋ ಇಲ್ಲವೋ ತಿಳಿಯಲು ಎರಡು ಲೋಟದಲ್ಲಿ ಬಿಯರು ತೆಗೆದು ಮುಚ್ಚಿ. ಒಂದನ್ನು 60-70 ಡಿಗ್ರಿ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ಆರಿಸಿ. ಎರಡನ್ನೂ ಮೂಸಿ. ಕಾಯಿಸಿದ್ದರಲ್ಲಿ ಮಾತ್ರ ಬೆಣ್ಣೆ ಬಂದರೂ ಇನ್ನಷ್ಟು ದಿನ ಬಿಡಬೇಕು. ಬೆಣ್ಣೆಯ ಜೊತೆಗೆ ಹುಳಿಯೂ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ. ಆಗ ಪೈಪು, ನಲ್ಲಿ ಬಿಚ್ಚಿ ತೊಳೆಯಿರಿ. ಹಳೇ ಪೈಪಾದರೆ ಬಿಸಾಡಿ.

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಲ್ಲೇ ಮಾಡಬಹುದಾ ಮೇಡಂ?

ಉತ್ತರ: ಬೇಡ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರು ತಯಾರಿಸುವುದು ಅಪರಾಧ. ಅಮೆರಿಕದಲ್ಲೂ 1978ರಲ್ಲಿ ಕಾನೂನು ಬದಲಾದ ಮೇಲೇ ಮನೆಯಲ್ಲಿ ಮಾಡಲು ಅವಕಾಶವಾಯಿತು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವಂತಿಲ್ಲ. ನಿಮಗೆ ಕಲಿಯುವ ಆಸೆ ಇದ್ದರೆ ಬೆಂಗಳೂರಿನ ಯಾವುದಾದರೂ ಮೈಕ್ರೋಬ್ರೂವರಿಗೆ ಜನ ಕಮ್ಮಿ ಇರುವ ಹೊತ್ತಿನಲ್ಲಿ ಹೋಗಿ, ಬ್ರೂವರ್ ಹತ್ತಿರ ಮಾತಾಡಿ.

ಪ್ರಶ್ನೆ: ಯೀಸ್ಟ್ ಹಾಕಿ ಎರಡು ದಿನವಾಯಿತು, ಏರ್‌ಲಾಕ್‌ನಲ್ಲಿ ಒಂದು ಗುಳ್ಳೆಯೂ ಇಲ್ಲ. (ಟೊರೊಂಟೊ)

ಉತ್ತರ: ಬಕೆಟ್ಟಿನ ಮುಚ್ಚಳವನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಏರ್‌ಲಾಕ್‌ನ ನೀರು ಏರಿ, ನೀವು ಒತ್ತಿರುವಾಗಲೇ ಇಳಿದುಬಿಟ್ಟರೆ ಅಂಚಿನಲ್ಲಿ ಗ್ಯಾಸು ಸೋರುತ್ತಿದೆ. ಒಳಗೆ ಟಾರ್ಚ್ ಬಿಟ್ಟು ನೋಡಿ, ಬಿಯರಿನ ಮೇಲೆ ಗೋಡೆಗೆ ಕಂದು ನೊರೆಯ ಗುರುತು ಕಂಡರೆ ಯೀಸ್ಟ್ ಕೆಲಸ ಶುರುಮಾಡಿದೆ. ಅದೂ ಕಾಣದಿದ್ದರೆ ಗ್ರಾವಿಟಿ ನೋಡಿ. ಅದು ಒಂದಿಷ್ಟೂ ಇಳಿದಿಲ್ಲವಾದರೆ ಇವತ್ತೇ ಹೊಸ ಯೀಸ್ಟ್ ಹಾಕಿ, ನಾಳೆಗೆ ಬಿಡಬೇಡಿ.