ನಮ್ಮೂರು ಕಾಸರಗೋಡಿನ ಬದಿಯಡ್ಕ. ಬಲಗೈಗೆ ಪ್ಲಾಸ್ಟರ್ ಹಾಕಿದೆ, ಐದು ಕೀಯ ಪುಟ್ಟ ಕೀಬೋರ್ಡಿನಲ್ಲಿ ಎಡಗೈಯಿಂದಲೇ ಕನ್ನಡ ಟೈಪ್ ಮಾಡಬಹುದಾ?

ಮಾಡಬಹುದು, ಆದರೆ ಐದು ಕೀ ಕನ್ನಡಕ್ಕೆ ಸಾಲದು. ಇದರಲ್ಲಿ ಅಕ್ಷರಕ್ಕೊಂದು ಕೀ ಇರುವುದಿಲ್ಲ. ಹಾರ್ಮೋನಿಯಂನಲ್ಲಿ ಎರಡು ಮೂರು ಮನೆ ಒಟ್ಟಿಗೆ ಹಿಡಿದ ಹಾಗೆ ಬೆರಳು ಕೂಡಿಸಿ ಒತ್ತಬೇಕು, ಸಾಮಾನ್ಯವಾಗಿ ಬೆರಳು ಎತ್ತಿದಾಗ ಅಕ್ಷರ ಬೀಳುತ್ತದೆ. ಐದು ಕೀಗೆ 31 ಜೋಡಣೆ, ಇಂಗ್ಲಿಷಿನ 26ಕ್ಕೆ ಧಾರಾಳ. 1968ರಲ್ಲೇ ಮೌಸ್ ಕಂಡುಹಿಡಿದ ಡಗ್ಲಸ್ ಎಂಗೆಲ್ಬರ್ಟ್ ಒಂದು ಕೈಗೆ ಮೌಸ್, ಇನ್ನೊಂದಕ್ಕೆ ಇಂಥ ಐದು ಕೀ ಇಟ್ಟುಕೊಂಡು ತೋರಿಸಿದ್ದರು.

ನಮ್ಮದು 49 ಅಕ್ಷರ, ಮೇಲೆ ಒತ್ತಕ್ಷರ ಬೇರೆ. ಹಾಗಾಗಿ ಆರು ಕೀಯದ್ದು ನೋಡಿ, 63 ಜೋಡಣೆ ಸಿಗುತ್ತದೆ (ಬ್ರೈಲ್‌ನ ಆರು ಚುಕ್ಕಿಯ ಲೆಕ್ಕವೂ ಇದೇ). ಕಾಗುಣಿತಕ್ಕೆ ಹೊಸ ಜೋಡಣೆ ಬೇಡ, ವ್ಯಂಜನ ಒತ್ತಿದ ಮೇಲೆ ಸ್ವರ ಒತ್ತಿದರೆ ತಾನಾಗಿ ಗುಣಿತ ಆಗುವ ಹಾಗೆ ಸಾಫ್ಟ್‌ವೇರಿನಲ್ಲಿ ಹೊಂದಿಸಬಹುದು, ಒತ್ತಕ್ಷರಕ್ಕೆ ಮಾತ್ರ ಒಂದು ಜೋಡಣೆ ಪ್ರತ್ಯೇಕ ಇಡಿ.

ನೀವು ಬದಿಯಡ್ಕದವರು ಅಂದಿರಿ, ಮಲಯಾಳವೂ ಬೇಕಲ್ವಾ? ಎರಡರ ಕ, ಗ, ಚಗಳಿಗೂ ಒಂದೇ ಜೋಡಣೆ ಇರಲಿ, ಇಲ್ಲದಿದ್ದರೆ ಬೆರಳು ಗಲಿಬಿಲಿ. ಭಾರತೀಯ ಭಾಷೆಗಳ ಕೀಬೋರ್ಡ್ ವಿನ್ಯಾಸವಾದ ಇನ್‌ಸ್ಕ್ರಿಪ್ಟ್‌ನಲ್ಲೂ ಹೀಗೇ ಇರುವುದು.

ಪ್ಲಾಸ್ಟರ್ ಒಂದೇ ತಿಂಗಳಿಗಾದರೆ ಇಷ್ಟೆಲ್ಲ ಸುಮ್ನೆ ಯಾಕೆ, ಮೊಬೈಲಿಗೆ ಹೇಳಿ ಬರೆಸಿ.